ಎರಡು ಹೊಳೆಗಳ ಸಂಗಮ: ಚಿತ್ರಗುರು ಶ್ರೀ ಜ್ಯೋತಿ ಸಾಹಿಯವರ ಬಾಳು ಮತ್ತು ಕಲೆ

ನಮ್ಮ ಧರ್ಮಕೇಂದ್ರವು ನೂರು ವರ್ಷಗಳನ್ನು ಪೂರೈಸಿದ ಈ ಮಂಗಳ ಸಂದರ್ಭದಲ್ಲಿ ಹಿಂದಿರುಗಿ ನೋಡುವುದು ಸಹಜ. ಯಾವ ಗುರುಗಳು ಬಂದರು, ಯಾವ ಕಟ್ಟಡ ಎದ್ದಿತು, ಯಾವ ಗಂಟೆ ತೂಗಿತು ಎಂಬ ವಿವರಗಳನ್ನು ಈ ಸಂಚಿಕೆಯ ಬೇರೆ ಪುಟಗಳಲ್ಲಿ ವಾಚಕರು ಓದಲಿದ್ದಾರೆ. ಆದರೆ ಒಂದು ಧರ್ಮಕೇಂದ್ರದ ಇತಿಹಾಸವು ಅಷ್ಟಕ್ಕೇ ಮುಗಿಯುವುದಿಲ್ಲ. ನಮ್ಮ ಹಿರಿಯರು ಮೊಣಕಾಲೂರಿ ಪ್ರಾರ್ಥಿಸುವಾಗ ಅವರ ಕಣ್ಣೆದುರಿಗೆ ಯಾವ ಚಿತ್ರವಿತ್ತು? ಅವರು ಕಂಡ ಯೇಸುವಿನ ಮುಖ ಯಾರ ಮುಖದಂತಿತ್ತು? ಇದೂ ಇತಿಹಾಸವೇ. ಇದನ್ನು ಬರೆದಿಟ್ಟವರು ಕಡಿಮೆ.

ನಮ್ಮ ಬಾಲ್ಯದಲ್ಲಿ ಮನೆಯ ನಡುಗೋಡೆಯ ಮೇಲೆ ಯೇಸುವಿನ ಪವಿತ್ರ ಹೃದಯದ ಪಟವಿತ್ತು. ಬಂಗಾರದ ಬಣ್ಣದ ಕೂದಲು, ನೀಲಿ ಕಣ್ಣು, ಹಾಲಿನಂತಹ ಮೈಬಣ್ಣ. ಕ್ರಿಸ್ಮಸ್ ಹಬ್ಬಕ್ಕೆ ನಾವು ಕಟ್ಟುತ್ತಿದ್ದ ಗೋದಲಿಯಲ್ಲಿ ಕುರುಬರೂ ಅದೇ ಬಣ್ಣದವರು. ಹೊರಗೆ ಬಂದರೆ ಮೈಲಾರದ ಜಾತ್ರೆಗೆ ಕಂಬಳಿ ಹೊದ್ದು ಹೊರಟ ನಮ್ಮ ಬಯಲುಸೀಮೆಯ ಕುರುಬರು ಕಾಣುತ್ತಿದ್ದರು. ಗೋದಲಿಯ ಕುರುಬರಿಗೂ ಇವರಿಗೂ ಏನು ಸಂಬಂಧವೆಂದು ಆಗ ನಾವು ಕೇಳಲಿಲ್ಲ. ಆ ಪಟಗಳ ಮುಂದೆ ನಮ್ಮ ತಾಯಂದಿರು ಸುರಿಸಿದ ಕಣ್ಣೀರು ಸತ್ಯ, ಪಡೆದ ಸಮಾಧಾನವೂ ಸತ್ಯ. ಅವುಗಳನ್ನು ಹಗುರವಾಗಿ ಕಾಣುವ ಉದ್ದೇಶ ನಮಗಿಲ್ಲ. ಆದರೂ ನೂರು ವರ್ಷ ತುಂಬಿದ ಸಮುದಾಯವು ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ: ನಮ್ಮ ವಿಶ್ವಾಸಕ್ಕೆ ನಮ್ಮ ನೆಲದ ರೂಪ ದೊರೆಯಿತೇ?

ಈ ಪ್ರಶ್ನೆಯನ್ನು ಜೀವನಪೂರ್ತಿ ಹೊತ್ತು ನಡೆದ ಕಲಾವಿದರೊಬ್ಬರು ನಮ್ಮ ಕರ್ನಾಟಕದಲ್ಲಿಯೇ ಬಾಳಿ ಬೆಳಗಿದ್ದಾರೆ. ಅವರೇ ಚಿತ್ರಕಲಾವಿದರೂ ಕಲಾಶಿಕ್ಷಕರೂ ಆದ ಶ್ರೀ ಜ್ಯೋತಿ ಸಾಹಿಯವರು. ಅವರ ಬಾಳಿನ ಪರಿಚಯವನ್ನು ನಮ್ಮ ಧರ್ಮಕೇಂದ್ರದ ಬಾಂಧವರ ಮುಂದಿಡುವುದು ಈ ಲೇಖನದ ಉದ್ದೇಶ.

ಹರಿಹರದ ಪಾಠ

ಸಾಹಿಯವರ ಕಥೆಯನ್ನು ಹೇಳುವ ಮುನ್ನ ನಮ್ಮ ನೆರೆಯ ಊರಿನ ಒಂದು ಮಾತನ್ನು ನೆನೆಯುವುದು ಉಚಿತ. ದಾವಣಗೆರೆಯಿಂದ ಹರಿಹರಕ್ಕೆ ಹೋಗಿ ಆರೋಗ್ಯ ಮಾತೆಯ ಬಸಿಲಿಕಾದಲ್ಲಿ ಹರಕೆ ಸಲ್ಲಿಸಿ ಬರುವವರು ನಮ್ಮಲ್ಲಿ ಸಾವಿರಾರು ಮಂದಿ. ಅದೇ ಊರಿನಲ್ಲಿ, ತುಂಗಭದ್ರೆಯ ದಡದಲ್ಲಿ, ಹೊಯ್ಸಳ ಅರಸ ಎರಡನೆಯ ನರಸಿಂಹನ ಕಾಲದಲ್ಲಿ ಪೋಲಾಳ್ವ ದಂಡನಾಥನು 1224ರ ಸುಮಾರಿಗೆ ಕಟ್ಟಿಸಿದ ಹರಿಹರೇಶ್ವರ ದೇವಾಲಯವಿದೆ. ಅಲ್ಲಿಯ ಮೂರ್ತಿಯ ಬಲಭಾಗ ಶಿವ, ಎಡಭಾಗ ವಿಷ್ಣು. ಊರಿಗೆ ಹೆಸರು ಬಂದದ್ದೂ ಅದರಿಂದಲೇ. ಶೈವರೂ ವೈಷ್ಣವರೂ ಪರಸ್ಪರ ವಾದಿಸುತ್ತಿದ್ದ ಈ ನಾಡಿನಲ್ಲಿ, ಎರಡು ಪರಂಪರೆಗಳು ಒಂದೇ ಶರೀರವಾಗಿ ನಿಲ್ಲಬಲ್ಲವೆಂದು ಶಿಲ್ಪಿಯೊಬ್ಬನು ಕಲ್ಲಿನಲ್ಲಿ ನುಡಿದನು. ನಮ್ಮ ವಿಶ್ವಾಸ ಬೇರೆಯಾದರೂ ಆ ಶಿಲ್ಪಿಯ ಮನಸ್ಸನ್ನು ಮೆಚ್ಚದಿರಲಾರೆವು.

ನದಿಯೂ ಅದೇ ಪಾಠವನ್ನು ಹೇಳುತ್ತದೆ. ತುಂಗೆಯೂ ಭದ್ರೆಯೂ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ, ಒಂದೇ ಬೆಟ್ಟದ ಮಡಿಲಲ್ಲಿ ಹುಟ್ಟುತ್ತವೆ. ಹುಟ್ಟಿದೊಡನೆ ಅಗಲುತ್ತವೆ. ಒಂದು ಶೃಂಗೇರಿ, ತೀರ್ಥಹಳ್ಳಿಗಳನ್ನು ಕಾಣುತ್ತದೆ. ಇನ್ನೊಂದು ಭದ್ರಾವತಿಯನ್ನು ಹಾಯ್ದು ಬರುತ್ತದೆ. ಶಿವಮೊಗ್ಗದ ಹತ್ತಿರ ಕೂಡಲಿಯಲ್ಲಿ ಎರಡೂ ಸೇರುತ್ತವೆ. ಹರಿಹರದ ಸೇತುವೆಯ ಮೇಲೆ ನಿಂತು ಇದು ತುಂಗೆಯ ನೀರು, ಇದು ಭದ್ರೆಯ ನೀರು ಎಂದು ಯಾರೂ ಬೇರ್ಪಡಿಸಲಾರರು. ಎರಡು ಸಂಸ್ಕೃತಿಗಳ ಮಗನಾಗಿ ಹುಟ್ಟಿದವನ ಬಾಳೂ ಹೀಗೆಯೇ. ಕೂಡಲಿಯನ್ನು ತಲುಪುವವರೆಗೆ ಅವನಿಗೆ ಎರಡು ದಾರಿಗಳ ಶ್ರಮವುಂಟು. ತಲುಪಿದ ಮೇಲೆ ಒಂದೇ ನದಿ.

ಸಾಹಿಯವರಿಗಿಂತ ಮೊದಲು

ನಮ್ಮ ನಾಡಿನ ದೇವಾಲಯಗಳಿಗೆ ಪಾಶ್ಚಾತ್ಯ ಚಿತ್ರಗಳು ಬಂದ ಬಗೆಯನ್ನು ಚುಟುಕಾಗಿ ತಿಳಿಯಬೇಕು. ಧರ್ಮಪ್ರಚಾರಕರು ತಮ್ಮ ದೇಶಗಳಿಂದ ವಿಶ್ವಾಸದ ಬೀಜವನ್ನು ತಂದರು. ಬೀಜದೊಡನೆ ಕುಂಡವೂ ಬಂದಿತು. ಕುಂಡವು ಕೆಲವೊಮ್ಮೆ ಬಹು ಸುಂದರವಾಗಿಯೇ ಇತ್ತು. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ಪೂಜಾಲಯವನ್ನು ಕಂಡವರಿಗೆ ಇದು ಗೊತ್ತು. ಇಟಲಿಯ ಸ್ತೆತ್ಸಾನೊ ಎಂಬಲ್ಲಿ 1854ರಲ್ಲಿ ಹುಟ್ಟಿದ ಯೇಸುಸಭೆಯ ಸಹೋದರ ಅಂತೋನಿಯೊ ಮೊಸ್ಕೇನಿಯವರು 1899ರಿಂದ ಎರಡು ವರ್ಷಗಳ ಕಾಲ ಅಲ್ಲಿಯ ಗೋಡೆ ಮತ್ತು ಮಾಳಿಗೆಗಳನ್ನೆಲ್ಲ ಚಿತ್ರಗಳಿಂದ ತುಂಬಿದರು. 1905ರಲ್ಲಿ ಅವರು ಕೊಚ್ಚಿಯಲ್ಲಿ ದೈವಾಧೀನರಾದರು. ಮನೆಯನ್ನು ಬಿಟ್ಟು ಬಂದು ಪರನಾಡಿನಲ್ಲಿ ಕುಂಚ ಹಿಡಿದೇ ಸವೆದ ಆ ಪುಣ್ಯಾತ್ಮರಿಗೆ ನಾವು ಋಣಿಗಳು. ಆದರೆ ಆ ಚಿತ್ರಗಳು ಇಟಲಿಯ ಚಿತ್ರಗಳು. ಅವುಗಳೊಳಗಿನ ಆಕಾಶ ಇಟಲಿಯ ಆಕಾಶ.

ಇದಕ್ಕೆ ಭಿನ್ನವಾದ ಹಾದಿಯನ್ನು ಮೊದಲು ಹಿಡಿದವರಲ್ಲಿ ಗೋವೆಯ ಆಂಜೆಲೊ ದ ಫೊನ್ಸೇಕರು ಮುಖ್ಯರು. 1902ರಲ್ಲಿ ಕಥೋಲಿಕ ಮನೆತನದಲ್ಲಿ ಹುಟ್ಟಿದ ಅವರು ಬಂಗಾಳಕ್ಕೆ ಹೋಗಿ ಅವನೀಂದ್ರನಾಥ ಠಾಕೂರರ ಮತ್ತು ನಂದಲಾಲ ಬೋಸರ ಶಿಷ್ಯರಾದರು. ಮಾತೆ ಮರಿಯಮ್ಮನವರಿಗೆ ಸೀರೆ ಉಡಿಸಿ ಚಿತ್ರಿಸಿದರು. ಗೋವೆಯಲ್ಲಿ ಅದು ಹಲವರಿಗೆ ಸರಿಬೀಳಲಿಲ್ಲ. ಅವರು ಪುಣೆಯ ಕ್ರೈಸ್ತ ಆಶ್ರಮವೊಂದರಲ್ಲಿ ನೆಲೆಸಿ, ಅಲ್ಲಿಯೇ ನೂರಾರು ಚಿತ್ರಗಳನ್ನು ರಚಿಸಿ, 1967ರಲ್ಲಿ ಕಣ್ಮುಚ್ಚಿದರು. ಅವರ ಬಾಳಿನ ಕೊನೆಯ ವರ್ಷಗಳಲ್ಲಿ ಧರ್ಮಸಭೆಯ ಗಾಳಿಯೇ ಬದಲಾಗುತ್ತಿತ್ತು. 1963ರ ಡಿಸೆಂಬರ್ 4ರಂದು ದ್ವಿತೀಯ ವ್ಯಾಟಿಕನ್ ಮಹಾಸಭೆಯು ಪ್ರಕಟಿಸಿದ ದೈವಾರಾಧನಾ ಶಾಸನವು, ಧರ್ಮಸಭೆಯು ಯಾವುದೇ ಒಂದು ಕಲಾಶೈಲಿಯನ್ನು ತನ್ನದೇ ಎಂದು ಇಟ್ಟುಕೊಂಡಿಲ್ಲವೆಂದೂ ಎಲ್ಲ ಜನಾಂಗಗಳ ಕಲೆಗೂ ದೇವಾಲಯದಲ್ಲಿ ಎಡೆಯಿದೆಯೆಂದೂ ಸಾರಿತು. ಫೊನ್ಸೇಕರು ಒಂಟಿಯಾಗಿ ಹಿಡಿದ ದಾರಿಗೆ ಅಧಿಕೃತ ಮುದ್ರೆ ಬಿದ್ದಿತು. ಆ ದಾರಿಯಲ್ಲಿ ಮುಂದೆ ನಡೆದವರು ಜ್ಯೋತಿ ಸಾಹಿಯವರು.

ಜನನ ಮತ್ತು ಕಲಿಕೆ

ಶ್ರೀ ಸಾಹಿಯವರು 1944ರಲ್ಲಿ ಪುಣೆಯಲ್ಲಿ ಜನಿಸಿದರು. ತಂದೆ ಭಾರತೀಯರು, ಪಂಜಾಬಿನ ಹಿಂದೂ ಮನೆತನದವರು, ತಾಯಿ ಇಂಗ್ಲೆಂಡಿನವರು. ಆ ಕಾಲವನ್ನು ನೆನೆಯಿರಿ. ಆಳುವ ದೇಶ ಒಂದು, ಆಳಿಸಿಕೊಳ್ಳುವ ದೇಶ ಮತ್ತೊಂದು. ಮೂರು ವರ್ಷಗಳಲ್ಲಿ ಸ್ವಾತಂತ್ರ್ಯ ಬರಲಿತ್ತು. ಅದರೊಡನೆ ಪಂಜಾಬು ಇಬ್ಭಾಗವಾಗಿ ರಕ್ತದ ಹೊಳೆ ಹರಿಯಲಿತ್ತು. ಅಂತಹ ಕಾಲದಲ್ಲಿ ಆ ಮನೆಯಲ್ಲಿ ಎರಡು ದೇಶಗಳೂ ಒಂದೇ ಸೂರಿನಡಿ ಇದ್ದವು. ಅಪ್ಪನ ಕಡೆಯದು ಒಂದು ಲೋಕ, ಅಮ್ಮನ ಕಡೆಯದು ಇನ್ನೊಂದು. ಯಾವುದನ್ನು ಬಿಟ್ಟರೂ ಮಗನು ತನ್ನ ಅರ್ಧವನ್ನೇ ಬಿಟ್ಟಂತೆ.

ಕಲಾಶಿಕ್ಷಣಕ್ಕಾಗಿ ಅವರು ತಾಯಿಯ ನಾಡಿಗೆ ಹೋದರು. ಲಂಡನ್ನಿನ ಕ್ಯಾಂಬರ್‌ವೆಲ್ ಕಲೆ ಮತ್ತು ಕರಕುಶಲ ಶಾಲೆಯಲ್ಲಿ 1960ರ ದಶಕದ ಆರಂಭದಲ್ಲಿ ವ್ಯಾಸಂಗ ಮಾಡಿದರು. ಯುರೋಪಿನ ಚಿತ್ರಕಲೆಯ ಶಿಸ್ತು ಕೈಗೆ ಬಂದಿತು. ಅಲ್ಲಿಯೇ ನೆಲೆಸಿ ಹೆಸರು ಗಳಿಸಬಹುದಾಗಿತ್ತು. ಆದರೆ ಅವರು ಭಾರತಕ್ಕೆ ಹಿಂತಿರುಗಿದರು.

ಹಿಂತಿರುಗಿದವರು ಹುಡುಕಿಕೊಂಡು ಹೋದದ್ದು ಆಶ್ರಮಗಳನ್ನು. ಕೇರಳದ ಬೆಟ್ಟದ ಮೇಲಿನ ಕುರಿಸುಮಲ ಆಶ್ರಮವನ್ನು ಬೆಲ್ಜಿಯಂನ ಫ್ರಾನ್ಸಿಸ್ ಮಾಹ್ಯೂ ಮತ್ತು ಇಂಗ್ಲೆಂಡಿನ ಬೀಡ್ ಗ್ರಿಫಿತ್ಸ್ ಎಂಬ ಇಬ್ಬರು ಸನ್ಯಾಸಿಗಳು 1958ರಲ್ಲಿ ಸ್ಥಾಪಿಸಿದ್ದರು. ಕಾವಿ ಉಟ್ಟು, ನೆಲದ ಮೇಲೆ ಕುಳಿತು, ಹಸು ಸಾಕಿ, ಬಲಿಪೂಜೆ ಅರ್ಪಿಸಿ ಬಾಳುವ ಕಥೋಲಿಕ ಸನ್ಯಾಸಿಗಳನ್ನು ಯುವಕ ಸಾಹಿ ಅಲ್ಲಿ ಕಂಡರು. ಬೀಡ್ ಗ್ರಿಫಿತ್ಸರು 1968ರಲ್ಲಿ ಕಾವೇರಿಯ ದಡದ ಶಾಂತಿವನಕ್ಕೆ ತೆರಳಿದರು. ಅವರ ಸಂಪರ್ಕ ಸಾಹಿಯವರ ಮೇಲೆ ಅಳಿಸಲಾಗದ ಮುದ್ರೆಯನ್ನೊತ್ತಿತು. ಕೇರಳದಲ್ಲಿಯೇ ಅವರು ವಾಸ್ತುಶಿಲ್ಪಿ ಲಾರಿ ಬೇಕರರೊಡನೆ ದುಡಿದರು. ಇಂಗ್ಲೆಂಡಿನಲ್ಲಿ ಹುಟ್ಟಿ ಭಾರತವನ್ನೇ ತಾಯ್ನಾಡೆಂದು ಬಗೆದ ಬೇಕರರು, ಆಯಾ ಊರಿನ ಮಣ್ಣು, ಇಟ್ಟಿಗೆ, ಸುಣ್ಣಗಳಿಂದಲೇ ಕಡಮೆ ಖರ್ಚಿನ ಸುಂದರ ಕಟ್ಟಡಗಳನ್ನು ಕಟ್ಟಿದವರು. ಬೇಕಾದ ಸಾಮಗ್ರಿಯು ಕಾಲಬುಡದಲ್ಲಿಯೇ ಇರುತ್ತದೆ, ದೂರದಿಂದ ತರಬೇಕಾಗಿಲ್ಲ ಎಂಬ ಬೇಕರರ ಪಾಠವು ಕಟ್ಟಡಕ್ಕೆ ಹೇಗೋ ಚಿತ್ರಕ್ಕೂ ಹಾಗೆಯೇ ಸಲ್ಲುವಂಥದು.

ಬೆಂಗಳೂರಿನ ಕಾರ್ಯ ಮತ್ತು ಆಕ್ಷೇಪಣೆ

1967ರಲ್ಲಿ ಬೆಂಗಳೂರಿನಲ್ಲಿ ಪೂಜ್ಯ ಡಿ. ಎಸ್. ಅಮಲೋರ್ಪವದಾಸ್ ಸ್ವಾಮಿಗಳ ನಾಯಕತ್ವದಲ್ಲಿ ರಾಷ್ಟ್ರೀಯ ಬೈಬಲ್, ಧರ್ಮೋಪದೇಶ ಮತ್ತು ದೈವಾರಾಧನಾ ಕೇಂದ್ರವು ಆರಂಭವಾಯಿತು. 1969ರ ಏಪ್ರಿಲ್‌ನಲ್ಲಿ ರೋಮಾಪುರಿಯು ಭಾರತದ ಪೂಜಾವಿಧಿಗೆ ಹನ್ನೆರಡು ಹೊಂದಾಣಿಕೆಗಳನ್ನು ಅಂಗೀಕರಿಸಿತು. ನೆಲದ ಮೇಲೆ ಕುಳಿತುಕೊಳ್ಳುವುದು, ಕೈಜೋಡಿಸಿ ನಮಸ್ಕರಿಸುವುದು, ಆರತಿ ಎತ್ತುವುದು, ಎಣ್ಣೆಯ ದೀಪ ಹಚ್ಚುವುದು ಇವೆಲ್ಲ ಇಂದು ನಮ್ಮ ಮಕ್ಕಳಿಗೆ ಸಹಜವಾಗಿವೆ. ಅಂದು ಅವು ಹೊಸತು. ಆ ಕೇಂದ್ರದ ಪೂಜಾಲಯವನ್ನು ಭಾರತೀಯ ರೀತಿಯಲ್ಲಿ ರೂಪಿಸಿದಾಗ ಅದರ ಚಿತ್ರಾಲಂಕಾರದ ಕಾರ್ಯದಲ್ಲಿ ಸಾಹಿಯವರ ಕೈ ಸೇರಿತು.

ಇದನ್ನೆಲ್ಲ ಎಲ್ಲರೂ ಸ್ವಾಗತಿಸಲಿಲ್ಲವೆಂಬುದನ್ನು ಇತಿಹಾಸ ಬರೆಯುವವರು ಮುಚ್ಚಿಡಬಾರದು. ಆಕ್ಷೇಪಣೆಗಳು ಎರಡು ದಿಕ್ಕಿನಿಂದ ಬಂದವು.

ಮೊದಲನೆಯದು ಶ್ರದ್ಧಾವಂತ ಭಕ್ತರಿಂದಲೇ. ನಮ್ಮ ಅಜ್ಜಂದಿರು ಏನೇನೋ ಕಷ್ಟಪಟ್ಟು ಈ ವಿಶ್ವಾಸವನ್ನು ಉಳಿಸಿಕೊಂಡು ಬಂದರು, ಈಗ ಅದೇ ದೇವಾಲಯದಲ್ಲಿ ಬಿಟ್ಟು ಬಂದುದರ ಗುರುತುಗಳನ್ನು ತಂದಿಡುವುದೇ ಎಂದು ಅವರು ನೊಂದು ಕೇಳಿದರು. ಪತ್ರಗಳು, ಪುಸ್ತಕಗಳು, ಪ್ರತಿಭಟನೆಗಳು ನಡೆದವು. ಈ ನೋವನ್ನು ಅಜ್ಞಾನವೆಂದು ತಳ್ಳಿಹಾಕುವುದು ನ್ಯಾಯವಲ್ಲ. ತಾಯಿ ಕಲಿಸಿದ ಪ್ರಾರ್ಥನೆ ಯಾವ ಚಿತ್ರದ ಮುಂದೆ ಮೊದಲು ನಾಲಗೆಗೆ ಬಂದಿತೋ ಆ ಚಿತ್ರ ಮನುಷ್ಯನಿಗೆ ಬಹು ಪ್ರಿಯ.

ಎರಡನೆಯದು ದಲಿತ ಕ್ರೈಸ್ತ ಚಿಂತಕರಿಂದ. ಭಾರತೀಯ ಸಂಸ್ಕೃತಿಯೆಂದು ನೀವು ತರುತ್ತಿರುವುದು ಯಾರ ಸಂಸ್ಕೃತಿ ಎಂದು ಅವರು ಪ್ರಶ್ನಿಸಿದರು. ಗರ್ಭಗುಡಿಯ ಹೊರಗೆ ನಿಲ್ಲಿಸಲ್ಪಟ್ಟವರ ಮಕ್ಕಳಿಗೆ ಆ ಗರ್ಭಗುಡಿಯ ಲಾಂಛನಗಳನ್ನೇ ಮತ್ತೆ ತೋರಿಸಿ ಇದು ನಿಮ್ಮದು ಎಂದರೆ ಹೇಗೆ? ಭಾರತವೆಂದರೆ ಸಂಸ್ಕೃತ ಗ್ರಂಥಗಳು ಮಾತ್ರವೇ? ತಮಟೆ, ಹಸೆಚಿತ್ರ, ಗ್ರಾಮದೇವತೆಯ ಕಲ್ಲು, ಬೀಸುವ ಹಾಡು ಇವು ಭಾರತವಲ್ಲವೇ?

ನಮ್ಮ ದೃಷ್ಟಿಯಲ್ಲಿ ಸಾಹಿಯವರ ಹಿರಿಮೆ ತೋರುವುದು ಇಲ್ಲಿಯೇ. ಅವರು ಹಿಡಿದ ಕುಂಚವನ್ನು ಮೊದಲನೆಯ ಆಕ್ಷೇಪಣೆಗೆ ಅಂಜಿ ಕೆಳಗಿಡಲಿಲ್ಲ. ಎರಡನೆಯದರ ಸತ್ಯವನ್ನು ಒಪ್ಪಿ, ತಮ್ಮ ಕಲೆಯನ್ನು ಹಳ್ಳಿಯ ಕಡೆಗೆ, ಜನಪದರ ಮತ್ತು ಆದಿವಾಸಿಗಳ ಕಡೆಗೆ ತಿರುಗಿಸಿದರು.

ಸಿಲ್ವೇಪುರದ ಗುರುಮನೆ

1970ರ ದಶಕದ ಆರಂಭದಲ್ಲಿ ಸಾಹಿ ದಂಪತಿಗಳು ಬೆಂಗಳೂರಿನ ಉತ್ತರಕ್ಕಿರುವ ಸಿಲ್ವೇಪುರದಲ್ಲಿ ನೆಲೆಸಿದರು. ಅದು ಕನ್ನಡ ನುಡಿಯುವ ಕ್ರೈಸ್ತ ಕೃಷಿಕರ ಹಳೆಯ ಗ್ರಾಮ. ರಾಗಿ ಬೆಳೆಯುವ ಜನ, ಸುತ್ತಲೂ ಅರಳಿಕಟ್ಟೆ, ನಾಗರಕಲ್ಲು, ಹೊಲದ ಬದುವಿನ ದೇವರು. ಲಂಡನ್ನಿನಲ್ಲಿ ಕಲಿತ ಕಲಾವಿದನು ತನ್ನ ನಿಜವಾದ ಗುರುಕುಲವನ್ನು ಹೊಕ್ಕದ್ದು ಇಲ್ಲಿ ಎಂದು ಹೇಳಬಹುದು.

ಅವರ ಧರ್ಮಪತ್ನಿ ಶ್ರೀಮತಿ ಜೇನ್ ಸಾಹಿಯವರು ಇಂಗ್ಲೆಂಡಿನಿಂದ ಬಂದ ಶಿಕ್ಷಣತಜ್ಞೆ. ಗಾಂಧೀಜಿಯವರ ನಯೀ ತಾಲೀಮಿನ ವಿಚಾರಗಳಲ್ಲಿ ಆಳವಾದ ನಂಬಿಕೆಯುಳ್ಳವರು. 1975ರಲ್ಲಿ ಅವರು ಅಲ್ಲಿ ಆರಂಭಿಸಿದ ಸೀತಾ ಶಾಲೆಯು ಸುತ್ತಲ ಹಳ್ಳಿಗಳ ಮಕ್ಕಳಿಗೆ ವಿದ್ಯೆ ನೀಡಿತು. ಚಿತ್ರ, ಜೇಡಿಮಣ್ಣು, ಕಥೆ, ಹಾಡುಗಳು ಅಲ್ಲಿ ಪಾಠದ ಬಿಡುವಿನ ಮನರಂಜನೆಯಾಗಿರಲಿಲ್ಲ. ಅವೇ ಪಾಠದ ದಾರಿಯಾಗಿದ್ದವು. ನಮ್ಮ ಪಾಠಶಾಲೆಗಳಲ್ಲಿ ಡ್ರಾಯಿಂಗ್ ಎಂದರೆ ವಾರಕ್ಕೊಂದು ಅವಧಿ, ಪರೀಕ್ಷೆ ಹತ್ತಿರ ಬಂದರೆ ಅದೂ ಗಣಿತಕ್ಕೆ ಬಲಿ. ಮಗುವಿನ ಕೈ ಕಲಿಯದೆ ಬುದ್ಧಿ ಕಲಿಯದು ಎಂಬುದನ್ನು ಆ ಪುಟ್ಟ ಶಾಲೆ ತೋರಿಸಿತು.

1980ರ ದಶಕದಲ್ಲಿ ಸಾಹಿಯವರು ಸಿಲ್ವೇಪುರದಲ್ಲಿಯೇ ಕಲಾ ಆಶ್ರಮವನ್ನು ಸ್ಥಾಪಿಸಿದರು. ಆಶ್ರಮ ಎಂಬ ಹೆಸರೇ ಅರ್ಥಗರ್ಭಿತ. ಕಲಾಶಾಲೆಯಲ್ಲಿ ವಿದ್ಯಾರ್ಥಿ ಶುಲ್ಕ ಕಟ್ಟಿ ವಿದ್ಯೆ ಪಡೆಯುತ್ತಾನೆ. ಆಶ್ರಮದಲ್ಲಿ ಗುರುಶಿಷ್ಯರು ಜೊತೆಯಾಗಿ ಬಾಳಿ, ಜೊತೆಯಾಗಿ ಮೌನವಾಗಿದ್ದು, ಕೊನೆಗೆ ಬಣ್ಣ ಹಚ್ಚುತ್ತಾರೆ. ಚಿತ್ರ ಬಿಡಿಸುವುದೂ ಪ್ರಾರ್ಥನೆಯ ಒಂದು ಬಗೆಯೆಂದು ಸಾಹಿಯವರು ಬೋಧಿಸಿದರು. ಅವರನ್ನು ಕುಂಚ ಹಿಡಿದ ದೇವಶಾಸ್ತ್ರಜ್ಞರೆಂದು ಜನ ಕರೆದದ್ದು ಇದಕ್ಕಾಗಿಯೇ. ಅವರು ಬರೆದ ಪುಸ್ತಕಗಳೂ ಉಂಟು. ಅವುಗಳಲ್ಲಿ 1980ರಲ್ಲಿ ಲಂಡನ್ನಿನಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾದ 'ಮಗು ಮತ್ತು ಸರ್ಪ' ಎಂಬರ್ಥದ ಹೆಸರುಳ್ಳ ಗ್ರಂಥವು ನಮ್ಮ ಜನಪದ ಲಾಂಛನಗಳ ಚಿಂತನೆಗೆ ಮೀಸಲಾಗಿದೆ. ಅರಳಿಕಟ್ಟೆಯ ನಾಗರಕಲ್ಲನ್ನು ನಾವು ದಿನವೂ ಕಂಡರೂ ನೋಡುವುದಿಲ್ಲ. ಏದೆನ್ ತೋಟದ ಸರ್ಪವೂ ಉಂಟು. ಮೋಶೆಯು ಮರುಭೂಮಿಯಲ್ಲಿ ಎತ್ತರಿಸಿದ ಕಂಚಿನ ಸರ್ಪವೂ ಉಂಟು. ತನ್ನನ್ನೂ ಹಾಗೆಯೇ ಎತ್ತರಿಸಲಾಗುವುದೆಂದು ಪ್ರಭು ಯೇಸು ನಿಕೊದೇಮನಿಗೆ ಹೇಳಿದುದು ಸಂತ ಯೊವಾನ್ನರ ಶುಭಸಂದೇಶದಲ್ಲಿದೆ. ಒಂದೇ ಲಾಂಛನದಲ್ಲಿ ವಿಷವೂ ಗುಣವೂ ಇರಬಲ್ಲವು. ಹಳ್ಳಿಯ ಲಾಂಛನಗಳಿಗೂ ಬೈಬಲಿನ ಲಾಂಛನಗಳಿಗೂ ನಡುವೆ ಮಾತುಕತೆ ಸಾಧ್ಯವೆಂದು ನಂಬಿದವರು ಸಾಹಿಯವರು.

ಒರಳು ಮತ್ತು ಗುಂಡುಕಲ್ಲು

ಅವರ ಕೃತಿಗಳು ದೇಶವಿದೇಶಗಳಲ್ಲಿ ಹರಡಿವೆ. ಮಧ್ಯಯುಗದ ಯುರೋಪಿನ ದೇವಾಲಯಗಳಲ್ಲಿ ತಪಸ್ಸುಕಾಲದಲ್ಲಿ ಬಲಿಪೀಠದ ಮುಂದೆ ಚಿತ್ರವಿರುವ ದೊಡ್ಡ ಬಟ್ಟೆಯನ್ನು ಇಳಿಬಿಡುವ ಪದ್ಧತಿಯಿತ್ತು. ಅದನ್ನು ಹಸಿವಿನ ಬಟ್ಟೆ ಎನ್ನುತ್ತಿದ್ದರು. ಹೊಟ್ಟೆಯಂತೆ ಕಣ್ಣಿಗೂ ಉಪವಾಸ. ಜರ್ಮನಿಯ ಧರ್ಮಾಧ್ಯಕ್ಷರು 1958ರಲ್ಲಿ ಸ್ಥಾಪಿಸಿದ ಮಿಸೆರೆಯೋರ್ ಎಂಬ ನೆರವು ಸಂಸ್ಥೆಯು ಈ ಹಳೆಯ ಪದ್ಧತಿಯನ್ನು 1976ರಲ್ಲಿ ಪುನರುಜ್ಜೀವಿಸಿದಾಗ, ಮೊದಲ ಬಟ್ಟೆಯ ಚಿತ್ರವನ್ನು ರಚಿಸಿದವರು ನಮ್ಮ ಸಾಹಿಯವರೇ. ಯುರೋಪಿನ ಚಿತ್ರಗಳ ಮುಂದೆ ನಾವು ಪ್ರಾರ್ಥಿಸುತ್ತಿದ್ದ ಕಾಲವೊಂದಿತ್ತು. ಕರ್ನಾಟಕದ ಹಳ್ಳಿಯಲ್ಲಿ ಮನೆ ಮಾಡಿದ ಕಲಾವಿದನ ಚಿತ್ರದ ಮುಂದೆ ಜರ್ಮನಿಯ ಭಕ್ತರು ಮಂಡಿಯೂರಿದ ದಿನವೂ ಬಂದಿತು. ಬೀಜ ತಂದವರ ಮನೆಗೆ ಫಲ ಹಿಂದಿರುಗಿತು.

ಅವರ ಚಿತ್ರಗಳಲ್ಲಿ ಶಿಲುಬೆಯು ಚಿಗುರಿದ ಮರವಾಗುತ್ತದೆ. ಪುನರುತ್ಥಾನ ಹೊಂದಿದ ಕ್ರಿಸ್ತನು ನರ್ತಿಸುತ್ತಾನೆ. ಆದರೆ ನಮ್ಮ ವಾಚಕರು, ಅದರಲ್ಲಿಯೂ ತಾಯಂದಿರು, ವಿಶೇಷವಾಗಿ ತಿಳಿಯಬೇಕಾದ ಚಿತ್ರವೊಂದಿದೆ. ಅದರ ಹೆಸರು 'ದಲಿತ ಮಾತೆ ಮರಿಯ' ಎಂಬರ್ಥದ್ದು. ಈಗ ಅದು ಬ್ರಿಟನ್ನಿನ ಮೆಥೊಡಿಸ್ಟ್ ಸಭೆಯ ಆಧುನಿಕ ಕಲಾಸಂಗ್ರಹದಲ್ಲಿದೆ.

ಈ ಚಿತ್ರದ ಮೂಲಕಲ್ಪನೆ ಅಡಿಗೆಮನೆಯದು. ಕಲ್ಲಿನ ಒರಳು ತಾಯಿ. ಅದರ ಕುಳಿಯಲ್ಲಿ ಕುಳಿತ ಗುಂಡುಕಲ್ಲು ಮಗು. ನಮ್ಮಲ್ಲಿ ನಾಮಕರಣದ ದಿನ ಗುಂಡುಕಲ್ಲನ್ನು ತೊಳೆದು, ಬಟ್ಟೆ ಸುತ್ತಿ, ಮಗುವಿಗಿಂತ ಮೊದಲು ತೊಟ್ಟಿಲಲ್ಲಿಟ್ಟು ತೂಗುವ ಪದ್ಧತಿ ಎಷ್ಟು ಮನೆಗಳಲ್ಲಿಲ್ಲ! ಕಲ್ಲಿನಂತೆ ಗಟ್ಟಿಯಾಗಿ ಬಾಳಲಿ ಎಂದು ಹಿರಿಯರ ಹಾರೈಕೆ. ಈ ಕಲ್ಲು ಯಾವ ಗರ್ಭಗುಡಿಯದೂ ಅಲ್ಲ. ಅದಕ್ಕೆ ಜಾತಿಯಿಲ್ಲ, ಮಡಿಯಿಲ್ಲ. ಬಡವರ ಗುಡಿಸಲಿನಲ್ಲಿಯೂ ಅದಿತ್ತು, ಸಾಹುಕಾರರ ಮನೆಯಲ್ಲಿಯೂ ಇತ್ತು. ಅದರ ಮುಂದೆ ಕುಳಿತು ತೋಳು ನೋಯುವವರೆಗೆ ರುಬ್ಬಿದವರು ಹೆಂಗಸರು, ಹಲವು ವೇಳೆ ಮನೆಗೆಲಸಕ್ಕೆ ಬಂದ ದಲಿತ ಹೆಂಗಸರು.

ಇಂತಹ ಕಲ್ಲಿನಲ್ಲಿ ಕಲಾವಿದನು ದೇವಮಾತೆಯನ್ನು ಕಂಡನು. ದೇವರು ತನ್ನ ದಾಸಿಯ ದೀನಸ್ಥಿತಿಯನ್ನು ಕಟಾಕ್ಷಿಸಿದನೆಂದು ಮರಿಯಮ್ಮನವರೇ ಹಾಡಿದುದನ್ನು ಸಂತ ಲೂಕರು ಬರೆದಿದ್ದಾರೆ. ಆ ದೀನಸ್ಥಿತಿಯನ್ನು ನಾವು ರೇಷ್ಮೆ ಮತ್ತು ಕಿರೀಟಗಳಿಂದ ಎಷ್ಟು ಮುಚ್ಚಿದ್ದೆವೆಂದರೆ, ಒರಳಿನ ಮುಂದೆ ಕುಳಿತ ನಮ್ಮ ತಾಯಿಗೂ ಬಲಿಪೀಠದ ಮೇಲೆ ನಿಂತ ತಾಯಿಗೂ ಇರುವ ಸಂಬಂಧವೇ ಮರೆತುಹೋಗಿತ್ತು. ಮಡಿಲಿನ ಮಗುವು ಮುಂದೆ ಜಜ್ಜಿಸಿಕೊಳ್ಳಲಿರುವ ಮಗು ಎಂಬುದನ್ನೂ ಈ ಕಲ್ಲು ನೆನಪಿಸುತ್ತದೆ. ಕಾಳು ಅರೆಯಲ್ಪಟ್ಟರಲ್ಲವೇ ರೊಟ್ಟಿ? ಬಲಿಪೂಜೆಯ ರೊಟ್ಟಿಯ ರಹಸ್ಯವೂ ಅದೇ.

ಯುರೋಪಿನ ಚಿತ್ರಕಲೆಯಲ್ಲಿ ತಾಯಿ ಮತ್ತು ಮಗುವಿನ ಚಿತ್ರಕ್ಕೆ ನೂರಾರು ವರ್ಷಗಳ ಪರಂಪರೆಯಿದೆ. ಆ ಪರಂಪರೆಯನ್ನು ಬಲ್ಲವರು ಮಾತ್ರ ಈ ವಿಷಯವನ್ನು ಆರಿಸಬಲ್ಲರು. ನಮ್ಮ ಹಳ್ಳಿಯ ಅಡಿಗೆಮನೆಯನ್ನು ಬಲ್ಲವರು ಮಾತ್ರ ಅದನ್ನು ಒರಳಾಗಿ ಕಾಣಬಲ್ಲರು. ಎರಡನ್ನೂ ಬಲ್ಲವರು ಸಾಹಿಯವರು. ಈ ಚಿತ್ರದಲ್ಲಿ ಇಷ್ಟು ಭಾಗ ಇಂಗ್ಲೆಂಡು, ಇಷ್ಟು ಭಾಗ ಭಾರತ ಎಂದು ಗೆರೆ ಎಳೆಯಲಾಗದು. ಕೂಡಲಿ ದಾಟಿದ ಮೇಲಿನ ನೀರು ಅದು.

ನಮಗೇನು ಪಾಠ?

ಪ್ರಿಯ ಬಾಂಧವರೇ, ದೂರದ ಸಿಲ್ವೇಪುರದ ಕಲಾವಿದರ ಕಥೆಯನ್ನು ಈ ಊರಿನ ಸ್ಮರಣ ಸಂಚಿಕೆಯಲ್ಲಿ ಏಕೆ ಬರೆದೆವೆಂದು ಕೆಲವರು ಕೇಳಬಹುದು. ಉತ್ತರವಿಷ್ಟೇ. ಎರಡು ಸಂಸ್ಕೃತಿಗಳ ಮಕ್ಕಳು ಸಾಹಿಯವರೊಬ್ಬರೇ ಅಲ್ಲ. ನಮ್ಮಲ್ಲಿ ಬಹುಮಂದಿ ಹಾಗೆಯೇ.

ದಾವಣಗೆರೆಯ ಹತ್ತಿಗಿರಣಿಗಳು, ಹರಿಹರದಲ್ಲಿ 1941ರಲ್ಲಿ ಸ್ಥಾಪನೆಯಾಗಿ ಒಂದು ಕಾಲಕ್ಕೆ ಸಾವಿರಾರು ಮನೆಗಳಿಗೆ ಅನ್ನವಿತ್ತ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ, ರೈಲ್ವೆ, ಶಾಲೆ, ಆಸ್ಪತ್ರೆ ಇವು ನಾನಾ ದಿಕ್ಕುಗಳಿಂದ ಜನರನ್ನು ಇಲ್ಲಿಗೆ ಕರೆತಂದವು. ಮನೆಯಲ್ಲಿ ತಮಿಳು, ಕೊಂಕಣಿ, ಮಲೆಯಾಳ ಅಥವಾ ತೆಲುಗು; ಬೀದಿಯಲ್ಲಿ ಕನ್ನಡ; ಶಾಲೆಯಲ್ಲಿ ಇಂಗ್ಲಿಷು; ದೇವಾಲಯದಲ್ಲಿ ಒಂದು ಕಾಲಕ್ಕೆ ಲತೀನು. ಗಿರಣಿಗಳ ಸದ್ದು ಅಡಗಿತು, ಆ ಕಾರ್ಖಾನೆಯೂ ಮುಚ್ಚಿತು. ಬಂದವರ ಮಕ್ಕಳು ಮೊಮ್ಮಕ್ಕಳು ಇಲ್ಲಿಯವರೇ ಆದರು. ನೀನು ಎಲ್ಲಿಯವನು ಎಂದು ಕೇಳಿದಾಗ ಅವರಲ್ಲಿ ಕೆಲವರು ತಡವರಿಸುವುದನ್ನು ನಾವು ಕಂಡಿದ್ದೇವೆ. ಕ್ರೈಸ್ತರಾದ್ದರಿಂದ ಪರದೇಶದವರೇ ಎಂಬ ನೋಟವನ್ನೂ ಎದುರಿಸಿದ್ದೇವೆ. ಈ ತಡವರಿಕೆ ನ್ಯೂನತೆಯಲ್ಲ, ಅದು ಬಂಡವಾಳ ಎಂದು ಸಾಹಿಯವರ ಬಾಳು ಹೇಳುತ್ತದೆ. ಎರಡರಲ್ಲಿ ಒಂದನ್ನು ಕತ್ತರಿಸಿ ಎಸೆಯಬೇಕಾಗಿಲ್ಲ. ಎರಡನ್ನೂ ನಿಷ್ಠೆಯಿಂದ ಕಲಿತು, ಕೂಡಲಿಯವರೆಗೆ ಸಹನೆಯಿಂದ ನಡೆಯಬೇಕು.

ಎರಡು ಸಲಹೆಗಳನ್ನು ಹಿರಿಯರ ಪಾದಕ್ಕೆ ಅರ್ಪಿಸುತ್ತೇವೆ. ಮೊದಲನೆಯದು, ನಮ್ಮ ದೇವಾಲಯದಲ್ಲಿರುವ ಹಳೆಯ ಪಟಗಳನ್ನೂ ಸ್ವರೂಪಗಳನ್ನೂ ಜೋಪಾನ ಮಾಡೋಣ. ಅವುಗಳ ಮುಂದೆ ನೂರು ವರ್ಷದ ಪ್ರಾರ್ಥನೆ ನಿಂತಿದೆ. ಹೊಸತನದ ಹುರುಪಿನಲ್ಲಿ ಅವುಗಳನ್ನು ಗುಜರಿಗೆ ಹಾಕುವುದು ಬೇಡ. ಎರಡನೆಯದು, ಅವುಗಳ ಪಕ್ಕದಲ್ಲಿ ನಮ್ಮ ಮಕ್ಕಳ ಕೈಯಿಂದ ಮೂಡಿದ ಒಂದು ಚಿತ್ರಕ್ಕೂ ಸ್ಥಳ ಕೊಡೋಣ. ಚಿತ್ರ ಕಲಿಯಲು ನಮ್ಮ ಮಕ್ಕಳು ದೂರ ಹೋಗಬೇಕಾಗಿಲ್ಲ. ದಾವಣಗೆರೆಯಲ್ಲಿ 1964ರಲ್ಲಿ ಆರಂಭವಾದ ಕಲಾಶಾಲೆಯು ಇಂದು ದಾವಣಗೆರೆ ವಿಶ್ವವಿದ್ಯಾನಿಲಯದ ದೃಶ್ಯಕಲಾ ಮಹಾವಿದ್ಯಾಲಯವಾಗಿ ನಮ್ಮ ಕಣ್ಣೆದುರಿಗೇ ಇದೆ. ಮಗನೋ ಮಗಳೋ ಚಿತ್ರಕಲೆ ಕಲಿಯುತ್ತೇನೆಂದರೆ ಹೊಟ್ಟೆಗೇನು ಮಾಡುವೆ ಎಂದು ಗದರುವ ಮುನ್ನ ಒಮ್ಮೆ ಯೋಚಿಸೋಣ. ಮುಂದಿನ ತಪಸ್ಸುಕಾಲದಲ್ಲಿ ಶಿಲುಬೆ ಹಾದಿಯ ಹದಿನಾಲ್ಕು ಸ್ಥಳಗಳನ್ನು ಧರ್ಮೋಪದೇಶ ತರಗತಿಯ ಮಕ್ಕಳೇ ಬಿಡಿಸಲಿ. ವೆರೋನಿಕಮ್ಮನ ಕೈಯಲ್ಲಿ ನಮ್ಮ ಇಳಕಲ್ ಸೀರೆಯ ಸೆರಗು ಇರಲಿ. ಸಿರೇನಿನ ಸಿಮೋನನು ಎ.ಪಿ.ಎಂ.ಸಿ. ಮಂಡಿಯ ಹಮಾಲನಂತೆ ತಲೆಗೆ ಟವಲು ಸುತ್ತಿರಲಿ. ಯಾರ ವಿಶ್ವಾಸಕ್ಕೂ ಅದರಿಂದ ಕುಂದು ಬಾರದು.

ದಿವ್ಯವಾಣಿಯು ಮನುಷ್ಯನಾಗಿ ನಮ್ಮ ನಡುವೆ ವಾಸಿಸಿದನೆಂದು ನಾವು ತ್ರಿಕಾಲ ಪ್ರಾರ್ಥನೆಯಲ್ಲಿ ದಿನವೂ ಸ್ಮರಿಸುತ್ತೇವೆ. ನಮ್ಮ ನಡುವೆ ಎಂಬ ಮಾತಿಗೆ ದಾವಣಗೆರೆ, ಹರಿಹರಗಳೂ ಸೇರಿವೆ. ತುಂಗೆಯನ್ನೂ ಭದ್ರೆಯನ್ನೂ ಒಂದುಗೂಡಿಸಿ ನಮ್ಮ ಹೊಲಗಳಿಗೆ ನೀರುಣಿಸುವ ದೇವರು, ನಮ್ಮ ಎರಡೂ ಪರಂಪರೆಗಳನ್ನು ಒಂದೇ ಸ್ತುತಿಯಾಗಿಸಲಿ. ಬರುವ ನೂರು ವರ್ಷಗಳಲ್ಲಿ ಈ ಧರ್ಮಕೇಂದ್ರದ ಗೋಡೆಗಳ ಮೇಲೆ ನಮ್ಮ ಮಕ್ಕಳು ಮೊಮ್ಮಕ್ಕಳು ತಮ್ಮ ಮುಖಗಳನ್ನು ಕಾಣುವಂತಾಗಲಿ ಎಂದು ಪ್ರಾರ್ಥಿಸಿ ಈ ಕಿರು ಲೇಖನವನ್ನು ಮುಗಿಸುತ್ತೇವೆ.